ಬಂದೂಕಿನ ಮೈಗೆ ಕಟ್ಟಿದ ಉಗ್ರಾಣ

ನೀವು ಇದನ್ನು ಓದುತ್ತಿರುವುದು ಒಂದು ಮ್ಯಾಗಜಿನ್‌ನಲ್ಲಿ. ಸಿಪಾಯಿ ತನ್ನ ರೈಫಲ್ಲಿಗೆ ಸಿಕ್ಕಿಸುವ ಗುಂಡಿನ ಡಬ್ಬಿಗೂ ಅದೇ ಹೆಸರು. ಎರಡೂ ಒಂದೇ ಮನೆತನದವು. ಅರಬ್ಬಿಯಲ್ಲಿ ‘ಮಖ್ಜನ್’ ಎಂದರೆ ಉಗ್ರಾಣ. ನಮ್ಮ ‘ಖಜಾನೆ’ ಹುಟ್ಟಿದ್ದೂ ಅದೇ ಬೇರಿನಿಂದ. ಯುರೋಪಿನವರು ಆ ಪದವನ್ನು ಒಯ್ದು ಮದ್ದಿನ ಮನೆಗೆ ಇಟ್ಟರು. 1731ರಲ್ಲಿ ಲಂಡನ್ನಿನ ಎಡ್ವರ್ಡ್ ಕೇವ್ ಎಂಬ ಪ್ರಕಾಶಕ ತನ್ನ ಮಾಸಪತ್ರಿಕೆಯೂ ಬರಹಗಳ ಉಗ್ರಾಣವೇ ಎಂದುಕೊಂಡು ‘ಜಂಟಲ್‌ಮನ್ಸ್ ಮ್ಯಾಗಜಿನ್’ ಎಂದು ಹೆಸರಿಟ್ಟ. ಹಾಗಾಗಿ ಇದು ಪತ್ರಿಕೆಯವರು ಮದ್ದಿನವರಿಂದ ಕಡ ತಂದ ಪದ. ಆ ಸಾಲದ ನೆಪದಲ್ಲಾದರೂ ಮದ್ದಿನವರ ಲೆಕ್ಕವನ್ನು ಒಮ್ಮೆ ತೆಗೆದು ನೋಡಬಹುದು.

ಮದ್ದಿನ ಮನೆ ಹೇಗಿರುತ್ತಿತ್ತು ಎಂದು ತಿಳಿಯಲು ಶ್ರೀರಂಗಪಟ್ಟಣಕ್ಕೆ ಹೋದರೆ ಸಾಕು. ಟಿಪ್ಪುವಿನ ಕಾಲದ ಶಸ್ತ್ರಾಗಾರಗಳು ಇಟ್ಟಿಗೆ ಗಾರೆಯ ದಪ್ಪ ಗೋಡೆ ಹೊದ್ದು ನೆಲದೊಳಗೆ ಅರ್ಧ ಹುದುಗಿ ಕುಳಿತಿವೆ. ಅವುಗಳಲ್ಲೊಂದು ಬೆಂಗಳೂರು–ಮೈಸೂರು ಜೋಡಿ ರೈಲುಹಳಿಗೆ ಅಡ್ಡ ಬಂತೆಂದು 2017ರಲ್ಲಿ ಅದನ್ನು ಇಡಿಯಾಗಿ ಎತ್ತಿ ನೂರಕ್ಕೂ ಹೆಚ್ಚು ಮೀಟರ್ ಆಚೆ ಸರಿಸಿದರು. ಉಗ್ರಾಣ ಹೊತ್ತು ನಡೆಯುವುದು ಎಷ್ಟು ತ್ರಾಸದ ಕೆಲಸ ಎಂಬುದನ್ನು ಆಗ ಜ್ಯಾಕುಗಳ ನರಳಾಟ ಕೇಳಿದವರು ಬಲ್ಲರು. ಆದರೆ ಅದಕ್ಕೂ ಒಂದೂವರೆ ಶತಮಾನ ಮೊದಲೇ ಆ ಉಗ್ರಾಣ ಕುಗ್ಗಿ ಕುಗ್ಗಿ ಬಂದೂಕಿನ ಹೊಟ್ಟೆಗೆ ಸೇರಿತ್ತು. ಒಂದು ಸಾಲದೆಂದು ಎರಡನೆಯದನ್ನೂ ಬಂದೂಕಿನ ಮೈಗೇ ಕಟ್ಟಿ ತಿರುಗುವ ಚಾಳಿ ಆಮೇಲೆ ಶುರುವಾಯಿತು. ಆ ಎರಡನೆಯ ಉಗ್ರಾಣದಿಂದ ಬಂದದ್ದೇನು, ಹೋದದ್ದೇನು ಎಂಬುದೇ ಇಲ್ಲಿನ ಲೆಕ್ಕ.

ಮೊದಲು, ಇದು ಯಾಕಾದರೂ ಬೇಕಾಯಿತು? ಗುಂಡಿನ ಕಾಳಗದಲ್ಲಿ ಮನುಷ್ಯ ನಿಲ್ಲುವುದಿಲ್ಲ, ಬೋರಲು ಮಲಗುತ್ತಾನೆ. ಬೋರಲು ಮಲಗಿದವನ ಸೊಂಟಪಟ್ಟಿಯ ಚೀಲಗಳು ಹೊಟ್ಟೆಯಡಿ ಸಿಕ್ಕಿಬೀಳುತ್ತವೆ. ಬಂದೂಕು ಖಾಲಿಯಾದ ಕ್ಷಣದಲ್ಲಿ ಮಗ್ಗುಲು ಹೊರಳಿ, ಗುಂಡಿ ಬಿಚ್ಚಿ, ಕತ್ತಲಲ್ಲಿ ಬೆರಳಿನಿಂದಲೇ ಹುಡುಕಬೇಕು. ಇನ್ನೊಂದು ಸಂಗತಿಯನ್ನು ಕಚೇರಿಯಲ್ಲಿ ಕುಳಿತವರು ಬಹುಕಾಲ ಗಮನಿಸಲಿಲ್ಲ. ನಡುರಾತ್ರಿ ಕೂಗು ಕೇಳಿ ಎದ್ದವನು ಬಂದೂಕನ್ನು ಹಿಡಿದುಕೊಳ್ಳುತ್ತಾನೆಯೇ ಹೊರತು ಸೊಂಟಪಟ್ಟಿ ಬಿಗಿದುಕೊಳ್ಳುತ್ತ ಕೂರುವುದಿಲ್ಲ. ಬಂದೂಕಿನ ಜೊತೆ ಬಂದದ್ದಷ್ಟೇ ಅವನ ಆಸ್ತಿ.

1860ರಲ್ಲಿ ಅಮೆರಿಕದ ಕ್ರಿಸ್ಟೋಫರ್ ಸ್ಪೆನ್ಸರ್ ಪೇಟೆಂಟ್ ಪಡೆದ ರೈಫಲ್ಲಿನಲ್ಲಿ ಉಗ್ರಾಣ ಇದ್ದದ್ದು ಹಿಂಬದಿಯ ಮರದ ಬಟ್ಟಿನೊಳಗೆ. ಏಳು ಗುಂಡುಗಳ ಒಂದು ಕೊಳವೆ. ನಳಿಗೆಯ ಬಾಯಿಂದ ಮದ್ದು ಸುರಿದು ಸಲಾಕೆಯಿಂದ ಜಡಿಯುತ್ತ ನಿಮಿಷಕ್ಕೆ ಮೂರು ಸುತ್ತು ಹಾರಿಸಿದರೆ ಶಹಬ್ಬಾಸ್ ಎನ್ನಿಸಿಕೊಳ್ಳುತ್ತಿದ್ದ ಕಾಲವದು. ಆದರೂ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರ ಪಡೆಗಳ ಶಸ್ತ್ರ ಖಾತೆಯ ಮುಖ್ಯಸ್ಥ ಜೇಮ್ಸ್ ರಿಪ್ಲಿ ಇಂಥ ಬಂದೂಕುಗಳಿಗೆ ಒಲ್ಲೆನೆಂದ. ಸಿಪಾಯಿಯ ಕೈಗೆ ಏಳು ಗುಂಡು ಒಟ್ಟಿಗೆ ಕೊಟ್ಟರೆ ಏಳನ್ನೂ ಗಾಳಿಗೆ ತೂರುತ್ತಾನೆ ಎಂಬುದು ಅವನಂಥವರ ಭಯ. 1863ರ ಆಗಸ್ಟಿನಲ್ಲಿ ಅಧ್ಯಕ್ಷ ಲಿಂಕನ್ ತಾವೇ ಆ ರೈಫಲ್ಲನ್ನು ಗುರಿಯಿಟ್ಟು ಹಾರಿಸಿ ನೋಡಿದರು. ಮುಂದಿನ ತಿಂಗಳೇ ರಿಪ್ಲಿಯ ಅಧಿಕಾರ ಮುಗಿಯಿತು. 1864ರಲ್ಲಿ ಎರಾಸ್ಟಸ್ ಬ್ಲೇಕ್ಸ್‌ಲೀ ಎಂಬ ಅಶ್ವದಳದ ಅಧಿಕಾರಿ ಏಳೇಳು ಗುಂಡು ತುಂಬಿದ ತಗಡಿನ ಕೊಳವೆಗಳನ್ನು ಸಾಲಾಗಿ ಜೋಡಿಸಿದ ಪೆಟ್ಟಿಗೆಯೊಂದನ್ನು ಮಾಡಿದ. ಒಂದು ಕೊಳವೆ ತೆಗೆದು ಬಟ್ಟಿನೊಳಕ್ಕೆ ಬಗ್ಗಿಸಿದರೆ ಏಳೂ ಜಾರಿ ಒಳಗಿಳಿಯುತ್ತಿದ್ದವು. ಹತ್ತು ಕೊಳವೆಯ ಪೆಟ್ಟಿಗೆ ಹೆಗಲಿಗಿದ್ದರೆ ಎಪ್ಪತ್ತು ಗುಂಡು. ಬಂದೂಕಿಗೂ ಪೆಟ್ಟಿಗೆಗೂ ನಡುವಿನ ದೂರವೇ ಸಮಯವನ್ನು ತಿನ್ನುವುದು ಎಂದು ಕಂಡುಕೊಂಡವರಲ್ಲಿ ಅವನೂ ಒಬ್ಬ.

ರಿಪ್ಲಿಯನ್ನು ನೋಡಿ ನಗುವುದು ಸುಲಭ, ಆದರೆ ನಗಲು ನನಗೆ ಮನಸ್ಸಾಗುವುದಿಲ್ಲ. ಕಾಲೇಜಿನ ಎನ್‌ಸಿಸಿ ಶಿಬಿರದಲ್ಲಿ ನಮಗೆ ಪಾಯಿಂಟ್ ಟೂ ಟೂ ರೈಫಲ್ಲು ಕೊಟ್ಟು, ತಲೆಗೆ ಐದೈದು ಗುಂಡು ಎಣಿಸಿ ಕೊಡುತ್ತಿದ್ದರು. ಹಾರಿಸಿ ಎದ್ದ ಮೇಲೆ ನಮ್ಮ ಗುರಿ ಹೇಗಿತ್ತು ಎಂದು ನೋಡುವ ಮೊದಲೇ ಹವಾಲ್ದಾರರು ಕೈ ಚಾಚುತ್ತಿದ್ದರು: “ಖೋಕಾ?” ಖಾಲಿ ತೋಟಾಗಳು ಐದೂ ಸಿಗಬೇಕು. ಒಂದು ಕಡಿಮೆಯಾದರೆ ಇಡೀ ತಂಡ ಹುಲ್ಲಿನಲ್ಲಿ ತೆವಳುತ್ತ ಹುಡುಕಬೇಕು. ಉಗ್ರಾಣಿಯ ಲೆಕ್ಕ ಎಂದರೆ ಏನೆಂದು ನನಗೆ ಗೊತ್ತಾದದ್ದು ಮೊಣಕಾಲು ತರಚಿದಾಗ. ಬಂದೂಕಿನ ಇತಿಹಾಸವನ್ನು ಎಂಜಿನಿಯರುಗಳ ಇತಿಹಾಸ ಎಂದು ಬರೆಯುವವರು ಈ ಉಗ್ರಾಣಿಯನ್ನು ಮರೆತಿರುತ್ತಾರೆ. ನಿಜವಾದ ಜಗಳ ನಡೆದದ್ದು ಉಗ್ರಾಣಿಗೂ ಕಂದಕದಲ್ಲಿ ಮಲಗಿದವನಿಗೂ. ಎಂಜಿನಿಯರು ಬಹಳ ಸಲ ತಡವಾಗಿ ಬಂದ ಪಂಚಾಯಿತಿದಾರ, ಅಷ್ಟೆ.

ಈ ಜಗಳ ಕಬ್ಬಿಣದಲ್ಲೇ ಕೆತ್ತಿಕೊಂಡದ್ದನ್ನು ನೋಡಬೇಕೆಂದರೆ 1888ರ ಲೀ-ಮೆಟ್‌ಫರ್ಡ್ ರೈಫಲ್ಲನ್ನು ನೋಡಬೇಕು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದ ಜೇಮ್ಸ್ ಪ್ಯಾರಿಸ್ ಲೀ 1879ರಲ್ಲಿ ಕಳಚಿ ಹಾಕಬಹುದಾದ ಪೆಟ್ಟಿಗೆ ಮ್ಯಾಗಜಿನ್ನಿಗೆ ಪೇಟೆಂಟ್ ಪಡೆದಿದ್ದ. ಕಳಚಬಹುದು ಎಂದ ಮೇಲೆ ತುಂಬಿದ ಇನ್ನೊಂದನ್ನು ಸಿಕ್ಕಿಸಬಹುದು ಎಂಬುದು ಮಗುವಿಗೂ ಹೊಳೆಯುವ ಮಾತು. ಬ್ರಿಟಿಷ್ ಸೈನ್ಯ ಮಾಡಿದ್ದೇನು? ಮ್ಯಾಗಜಿನ್ ಕಳೆದುಹೋಗದಿರಲೆಂದು ಅದನ್ನು ಬಂದೂಕಿಗೆ ಒಂದು ಪುಟ್ಟ ಕೊಂಡಿಯಿಂದ ಬಿಗಿಯಿತು. ಸಾಲದ್ದಕ್ಕೆ ಮ್ಯಾಗಜಿನ್ನಿನ ಬಾಯಿಗೆ ಅಡ್ಡಲಾಗಿ ಒಂದು ತಗಡಿನ ಕದ ಇಟ್ಟಿತು. ಕದ ಹಾಕಿಕೊಂಡು ಒಂದೊಂದೇ ಗುಂಡು ಕೈಯಿಂದಿಟ್ಟು ಹಾರಿಸುತ್ತಿರಬೇಕು. ಪ್ರಾಣಕ್ಕೆ ಬಂದಾಗ, ಅದೂ ಮೇಲಿನವರ ಅಪ್ಪಣೆಯಾದರೆ, ಕದ ತೆರೆಯಬೇಕು. ಹಬ್ಬಕ್ಕೆಂದು ಕಪಾಟಿನಲ್ಲಿ ಬೀಗ ಹಾಕಿಟ್ಟ ಬೆಲ್ಲದ ಹಾಗೆ. ಆ ತಗಡು ಮೂರು ದಶಕದ ಹತ್ತಿರ ಬಾಳಿ, 1916ರಲ್ಲಿ ಒಪ್ಪಿಗೆಯಾದ ಮಾದರಿಯಿಂದ ಬಿದ್ದುಹೋಯಿತು. ಅದನ್ನು ಬೀಳಿಸಲು ಒಂದು ಮಹಾಯುದ್ಧವೇ ಬೇಕಾಯಿತು.

ನಡುವೆ ದಕ್ಷಿಣ ಆಫ್ರಿಕಾದ ಬೋಯರ್ ರೈತರು ಬೇರೊಂದು ಪಾಠ ಕಲಿಸಿದ್ದರು. ಅವರ ಮೌಸರ್ ರೈಫಲ್ಲಿಗೆ ಬದಲಿ ಮ್ಯಾಗಜಿನ್ ಇರಲಿಲ್ಲ. ಐದು ಗುಂಡುಗಳನ್ನು ಹಿಡಿದ ಒಂದು ತಗಡಿನ ಪಟ್ಟಿ; ಅದನ್ನು ಮೇಲಿನಿಂದ ಇಟ್ಟು ಹೆಬ್ಬೆರಳಿನಿಂದ ಒತ್ತಿದರೆ ಐದೂ ಒಳಗೆ. 1899ರಿಂದ 1902ರವರೆಗೆ ಅದರ ರುಚಿ ನೋಡಿದ ಬ್ರಿಟಿಷರು ತಮ್ಮ ಲೀ-ಎನ್‌ಫೀಲ್ಡನ್ನೂ ಅದೇ ದಾರಿಗೆ ತಿರುಗಿಸಿದರು. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಕಂಡ ‘ತ್ರೀ ನಾಟ್ ತ್ರೀ’ ಅದೇ. ಹತ್ತು ಗುಂಡಿನ ಮ್ಯಾಗಜಿನ್, ತುಂಬಲು ಐದರ ಎರಡು ಪಟ್ಟಿ, ಹೆಗಲಿಗೆ ಐವತ್ತು ಗುಂಡಿನ ಬಟ್ಟೆಯ ಪಟ್ಟಿ. ಇದು ಎರಡನೆಯ ಉಗ್ರಾಣ ಹೊರಿಸದೆ ತುತ್ತುಗಳನ್ನಷ್ಟೇ ಕೊಟ್ಟು ಕಳಿಸುವ ಜಾಣತನ. ತಗಡಿನ ಪಟ್ಟಿಗೆ ತೂಕ ಇಲ್ಲವೆನ್ನುವಷ್ಟು ಕಡಿಮೆ, ಬೆಲೆಯೂ ಕಡಿಮೆ, ಬಿಸಾಡಿದರೂ ಉಗ್ರಾಣಿ ಕೇಳುವುದಿಲ್ಲ. ನನ್ನನ್ನು ಕೇಳಿದರೆ ಈ ಇಡೀ ಕಥೆಯಲ್ಲಿ ಇದಕ್ಕಿಂತ ಸೊಗಸಾದ ಉಪಾಯ ಇನ್ನೊಂದಿಲ್ಲ.

ಸೊಗಸಾದದ್ದೆಲ್ಲ ಕಾಲ ಮೀರಿದ ಮೇಲೂ ಉಳಿದರೆ ಏನಾಗುತ್ತದೆ ಎಂಬುದನ್ನು 1962ರ ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾ ತೋರಿಸಿತು. ಹದಿಮೂರನೆಯ ಕುಮಾವೂನ್ ದಳದ ಚಾರ್ಲಿ ಕಂಪನಿ, ಮೇಜರ್ ಶೈತಾನ್ ಸಿಂಗರ ನೇತೃತ್ವದಲ್ಲಿ, ಪ್ರತಿ ಗುಂಡಿಗೂ ಬೋಲ್ಟು ಎಳೆದು ನೂಕಬೇಕಾದ ಇದೇ ತ್ರೀ ನಾಟ್ ತ್ರೀ ಹಿಡಿದು ಹಿಮದಲ್ಲಿ ನಿಂತಿತ್ತು. ಎದುರಿನ ಚೀನೀ ಸೈನಿಕರ ಕೈಯಲ್ಲಿ ತಾನಾಗಿ ತುಂಬಿಕೊಳ್ಳುವ ಬಂದೂಕುಗಳಿದ್ದವು. ಕಂಪನಿಯ ಬಹುಪಾಲು ಜನ ಅಲ್ಲೇ ಉಳಿದರು. ಆ ಸೋಲಿನ ಹೊಣೆಯನ್ನು ಒಂದು ತಗಡಿನ ಪಟ್ಟಿಯ ತಲೆಗೆ ಕಟ್ಟುವುದು ಅನ್ಯಾಯ. ದೆಹಲಿಯ ತಪ್ಪುಗಳ ಪಟ್ಟಿ ಅದಕ್ಕಿಂತ ಬಹಳ ಉದ್ದ. ಆದರೆ ಬೆರಳು ಮರಗಟ್ಟುವ ಚಳಿಯಲ್ಲಿ ಐದೈದು ಗುಂಡಿನ ಪಟ್ಟಿಯನ್ನು ಸರಿಯಾಗಿ ಕೂರಿಸಿ ಒತ್ತುವುದು ಎಂದರೆ ಏನು ಎಂದು ಯೋಚಿಸದೆ ಆ ದಿನದ ಶೌರ್ಯದ ಭಾಷಣ ಮಾಡುವವರನ್ನು ಕಂಡರೆ ಮೈ ಉರಿಯುತ್ತದೆ. ಅದಾದ ಮೇಲೆಯೇ ಇಪ್ಪತ್ತು ಗುಂಡಿನ ಮ್ಯಾಗಜಿನ್ನಿನ, ತಾನಾಗಿ ತುಂಬಿಕೊಳ್ಳುವ ಎಸ್‌ಎಲ್‌ಆರ್ ರೈಫಲ್ಲು ನಮ್ಮ ಸೈನ್ಯದ ಉದ್ದಗಲಕ್ಕೂ ಬಂದದ್ದು.

ಬಂದೂಕಿನ ಮೈಗೇ ಬದಲಿ ಮ್ಯಾಗಜಿನ್ ಕಟ್ಟುವ ಚಾಳಿ ಜನಪ್ರಿಯವಾದದ್ದು ಯಾವ ಕಚೇರಿಯ ಆದೇಶದಿಂದಲೂ ಅಲ್ಲ. 1941ರಲ್ಲಿ ಅಮೆರಿಕ ಎಂ1 ಕಾರ್ಬೈನ್ ಎಂಬ ಹಗುರ ಬಂದೂಕನ್ನು ಒಪ್ಪಿಕೊಂಡಿತು. ತೂಕ ಎರಡೂವರೆ ಕೆಜಿಯೊಳಗೆ, ಮ್ಯಾಗಜಿನ್ನಿಗೆ ಹದಿನೈದು ಗುಂಡು. ಎರಡು ಮ್ಯಾಗಜಿನ್ ಹಿಡಿಸುವ ಕ್ಯಾನ್ವಾಸ್ ಚೀಲವೊಂದನ್ನು ಸೊಂಟಪಟ್ಟಿಗೆ ಎಂದು ಹೊಲಿಸಿ ಕೊಟ್ಟಿದ್ದರು. ಚೀಲದ ಹಿಂದಿನ ಪಟ್ಟಿ ಬಂದೂಕಿನ ಬಟ್ಟಿಗೂ ಸರಿಯಾಗಿ ತೂರುತ್ತದೆ ಎಂದು ಯಾರೋ ಒಬ್ಬ ಸಿಪಾಯಿ ಕಂಡುಕೊಂಡ. ಅವನ ಹೆಸರು ಯಾವ ಪೇಟೆಂಟಿನಲ್ಲೂ ಇಲ್ಲ. ನೋಡನೋಡುತ್ತ ನಾರ್ಮಂಡಿಯಿಂದ ಪೆಸಿಫಿಕ್ ದ್ವೀಪಗಳವರೆಗಿನ ಫೋಟೋಗಳಲ್ಲಿ ಆ ಚೀಲ ಬಟ್ಟಿನ ಮೇಲೆ ಕುಳಿತಿರುವುದು ಕಾಣಿಸತೊಡಗಿತು. ಬಂದೂಕಿನೊಳಗೆ ಹದಿನೈದು, ಬಟ್ಟಿನ ಮೇಲೆ ಮೂವತ್ತು. ಬಂದೂಕು ಎತ್ತಿಕೊಂಡರೆ ನಲವತ್ತೈದು ಗುಂಡು ಜೊತೆಗೇ ಎದ್ದು ಬರುತ್ತಿದ್ದವು. ಭಾರ ಹೆಗಲಿಗೆ ಒರಗಿದ ಹಿಂಬದಿಯಲ್ಲಿದ್ದುದರಿಂದ ನಳಿಗೆ ಬಾಗುತ್ತಿರಲಿಲ್ಲ. ಮಡಚುವ ಕಬ್ಬಿಣದ ಬಟ್ಟಿನ ಮಾದರಿ ಪಡೆದ ಪ್ಯಾರಾಟ್ರೂಪರುಗಳಿಗೆ ಮಾತ್ರ ಈ ಸೌಕರ್ಯ ದಕ್ಕಲಿಲ್ಲ.

ಇನ್ನೊಂದು ಗುಂಪು ಟೇಪಿನ ಸುರುಳಿ ಹಿಡಿಯಿತು. ಎರಡು ಮ್ಯಾಗಜಿನ್ನುಗಳನ್ನು ತಲೆಕೆಳಗಾಗಿ ಒಂದಕ್ಕೊಂದು ಅಂಟಿಸಿ, ಒಂದು ಮುಗಿದೊಡನೆ ತಿರುಗಿಸಿ ಸಿಕ್ಕಿಸುವುದು. ನೋಡಲು ಬಲು ಚುರುಕು, ಸಿನಿಮಾದವರಿಗಂತೂ ಬಲು ಪ್ರಿಯ. ಮುಂದೆ ಮೂವತ್ತು ಗುಂಡಿನ ಕಾರ್ಬೈನ್ ಮ್ಯಾಗಜಿನ್ನುಗಳು ಬಂದಾಗ ಅಮೆರಿಕದ ಸೈನ್ಯವೇ ಎರಡನ್ನು ಜೋಡಿಸುವ ಲೋಹದ ಹಿಡಿಕೆ ಮಾಡಿಸಿ ಕೊಟ್ಟಿತು. ಸಿಪಾಯಿಗಳ ಬಾಯಲ್ಲಿ ಅದು ‘ಜಂಗಲ್ ಕ್ಲಿಪ್’. ವಿಯೆಟ್ನಾಂ ಹೊತ್ತಿಗೆ ಎಂ16ರ ಇಪ್ಪತ್ತು ಗುಂಡಿನ ಮ್ಯಾಗಜಿನ್ನುಗಳಿಗೂ ಟೇಪು ಸುತ್ತಿಕೊಂಡಿತು. ಆದರೆ ತಲೆಕೆಳಗಾದ ಮ್ಯಾಗಜಿನ್ನಿನ ಬಾಯಿ ನೆಲದ ಕಡೆ ತೆರೆದಿರುತ್ತದೆ. ಯಾವ ಬೋರಲು ಮಲಗುವ ಭಂಗಿಗಾಗಿ ಈ ಉಪಾಯ ಹುಟ್ಟಿತೋ ಅದೇ ಭಂಗಿಯಲ್ಲಿ ಆ ಬಾಯಿ ಕೆಸರು ಮುಕ್ಕುತ್ತದೆ. ಗುಂಡನ್ನು ಹಿಡಿದಿಡುವ ತೆಳುವಾದ ತುಟಿಗಳು ಕಲ್ಲಿಗೆ ಬಡಿದು ಕೊಂಚ ಬಾಗಿದರೂ ಬಂದೂಕು ಗಂಟಲಲ್ಲಿ ಗುಂಡು ಸಿಕ್ಕಿಸಿಕೊಂಡು ಮೌನವಾಗುತ್ತದೆ. ಉಳಿಸಿದ ಎರಡು ಸೆಕೆಂಡಿಗೆ ತೆತ್ತ ಬೆಲೆ ಒಮ್ಮೊಮ್ಮೆ ಇಡೀ ಬಂದೂಕು.

ಕಚೇರಿ ಈ ಆಟಕ್ಕೆ ತಾನೇ ಇಳಿದಾಗ ಇನ್ನೂ ತಮಾಷೆಯಾಯಿತು. ಸೋವಿಯತ್ ಪಿಪಿಎಸ್‌ಎಚ್ ಸಬ್‌ಮೆಷಿನ್ ಗನ್ನಿನ ದುಂಡನೆಯ ಡ್ರಮ್ಮಿನಲ್ಲಿ 71 ಗುಂಡು. ಅದಕ್ಕೆ ಸಾಟಿಯಾಗಿ ಜರ್ಮನ್ನರು ತಮ್ಮ ಎಂಪಿ40ರ ಹೊಟ್ಟೆಯಡಿ ಎರಡು ಮ್ಯಾಗಜಿನ್ ಅಕ್ಕಪಕ್ಕ ಕೂರುವ, ಅತ್ತಿತ್ತ ಸರಿಯುವ ಚೌಕಟ್ಟು ಹಾಕಿದರು. ಮೂವತ್ತೆರಡು, ಮತ್ತೆ ಮೂವತ್ತೆರಡು. ಕೂಡಿದರೆ 64, ಆಗಲೂ ಏಳು ಕಮ್ಮಿ! ಬಂದೂಕಿನ ತೂಕ ಐದು ಕೆಜಿ ದಾಟಿತು, ಸರಿಯುವ ಚೌಕಟ್ಟಿಗೆ ಧೂಳು ಕುಳಿತಿತು, ಯೋಜನೆ ಬೇಗ ಮೂಲೆ ಸೇರಿತು.

ಸ್ವಿಟ್ಜರ್ಲೆಂಡಿನವರು ಗಡಿಯಾರದ ಜನ. ಅವರು ಅದನ್ನೇ ಅಚ್ಚುಕಟ್ಟಾಗಿ ಮಾಡಿದರು. 1990ರಲ್ಲಿ ಸೈನ್ಯಕ್ಕೆ ಬಂದ ಸಿಗ್ 550 ರೈಫಲ್ಲಿನ ಮ್ಯಾಗಜಿನ್ ಪಾರದರ್ಶಕ ಪ್ಲಾಸ್ಟಿಕ್ಕಿನದು, ಒಳಗೆಷ್ಟು ಉಳಿದಿದೆ ಎಂದು ಕಣ್ಣಿಗೇ ಕಾಣುತ್ತದೆ. ಪಕ್ಕದಲ್ಲಿ ಪುಟ್ಟ ಗುಬಟುಗಳಿದ್ದು, ಎರಡು ಮೂರನ್ನು ಟೇಪಿಲ್ಲದೆ ಒಂದರ ಪಕ್ಕ ಒಂದು ಕಚ್ಚಿಸಬಹುದು. ಎಲ್ಲ ಬಾಯಿಗಳೂ ಮೇಲ್ಮುಖ, ಕೆಸರಿನ ಕಾಟ ಕಡಿಮೆ. ವಿಚಿತ್ರವೆಂದರೆ ಇದೇ ದೇಶದ ನಾಗರಿಕ-ಸೈನಿಕ ರೈಫಲ್ಲನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ, ಆದರೆ ಅವನಿಗೆ ಕೊಡುತ್ತಿದ್ದ ಐವತ್ತು ಗುಂಡುಗಳು ಸೀಲು ಮಾಡಿದ ಡಬ್ಬಿಯಲ್ಲಿರುತ್ತಿದ್ದವು. 2007ರ ನಂತರ ಅದನ್ನೂ ಹಿಂದಕ್ಕೆ ಪಡೆದರು. ಮೂರು ಮ್ಯಾಗಜಿನ್ ಜೋಡಿಸುವ ಸೌಕರ್ಯ ಉಂಟು, ತುಂಬಲು ಗುಂಡಿಲ್ಲ. ಅಲ್ಲಿ ಉಗ್ರಾಣಿ ಗೆದ್ದಿದ್ದಾನೆ ಎನ್ನಬೇಕು.

ಪಾರದರ್ಶಕ ಮ್ಯಾಗಜಿನ್ನಿನ ಆಸೆ ನಮಗೂ ಹತ್ತಿತ್ತು. 1990ರ ದಶಕದಲ್ಲಿ ಬಂದ ಇನ್ಸಾಸ್ ರೈಫಲ್ಲಿಗೆ ಇಪ್ಪತ್ತು ಗುಂಡಿನ ಅರೆಪಾರದರ್ಶಕ ಪ್ಲಾಸ್ಟಿಕ್ ಮ್ಯಾಗಜಿನ್ ಕೊಟ್ಟರು. 1999ರಲ್ಲಿ ಕಾರ್ಗಿಲ್‌ನ ಚಳಿಗೆ ಆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ, ರೈಫಲ್ಲು ಸಿಕ್ಕಿಕೊಳ್ಳುತ್ತದೆ ಎಂಬ ದೂರುಗಳು ಪತ್ರಿಕೆಗಳಲ್ಲೆಲ್ಲ ಬಂದವು. ಬಿರುಕು ಬಿಡುವ ಮ್ಯಾಗಜಿನ್ ಬಂದೂಕಿನ ಮೈಗಿದ್ದರೇನು, ಸೊಂಟಕ್ಕಿದ್ದರೇನು. ವೇಗದ ಬಗ್ಗೆ ತಲೆ ಕೆಡಿಸಿಕೊಂಡವರು ಸ್ಪ್ರಿಂಗು, ಪ್ಲಾಸ್ಟಿಕ್ಕು, ತಗಡಿನ ತುಟಿಯಂಥ ಸಣ್ಣ ಸಂಗತಿಗಳನ್ನು ಕಡೆಗಣಿಸುವುದು ಎಲ್ಲ ದೇಶಗಳಲ್ಲೂ ನಡೆದಿದೆ. ನಮ್ಮಲ್ಲಿ ಅದರ ಬಿಲ್ಲು ಬೆಟ್ಟದ ತುದಿಯಲ್ಲಿದ್ದವರ ಕೈಗೆ ಬಂತು. ಈಗ ಇನ್ಸಾಸಿನ ಜಾಗಕ್ಕೆಂದು ಅಮೇಠಿಯ ಕೋರ್ವಾದಲ್ಲಿ ಆರು ಲಕ್ಷಕ್ಕೂ ಹೆಚ್ಚು ಎಕೆ-203 ತಯಾರಿಸುವ ಒಪ್ಪಂದ 2021ರಲ್ಲಿ ಆಗಿದೆ. ಉತ್ತರ ಪ್ರದೇಶದ ಪೊಲೀಸರು ತ್ರೀ ನಾಟ್ ತ್ರೀಗೆ ವಿದಾಯ ಹೇಳಿದ್ದು 2020ರ ಗಣರಾಜ್ಯ ದಿನದಂದು. ಐದೈದು ಗುಂಡಿನ ತಗಡಿನ ಪಟ್ಟಿ ಅಷ್ಟು ದೂರ ನಡೆದು ಬಂದಿತ್ತು.

ಈಗ ಲೆಕ್ಕದ ಸಾಲು ಹಾಕೋಣ. ಖಾಲಿ ಎಕೆಎಂ ರೈಫಲ್ಲು ಸುಮಾರು 3.1 ಕೆಜಿ. ಮೂವತ್ತು ಗುಂಡು ತುಂಬಿದ ಉಕ್ಕಿನ ಮ್ಯಾಗಜಿನ್ ಒಂದು 800 ಗ್ರಾಂ. ಎರಡನ್ನು ಜೋಡಿಸಿ ಸಿಕ್ಕಿಸಿದರೆ ಬಂದೂಕಿನ ಅರ್ಧ ತೂಕ ಅದರ ಹೊಟ್ಟೆಗೆ ಜೋತುಬಿದ್ದ ಹಾಗೆ. ಅಕ್ಕಪಕ್ಕ ಜೋಡಿಸಿದರೆ ಭಾರ ಒಂದೇ ಮಗ್ಗುಲಿಗೆ ಎಳೆಯುತ್ತದೆ, ಗಿಡಗಂಟಿಗೆ ಸಿಕ್ಕುತ್ತದೆ. ಇಷ್ಟೆಲ್ಲ ಹೊತ್ತು ಉಳಿಯುವುದು ಮೊದಲ ಬದಲಿಯಲ್ಲಿ ಒಂದೆರಡು ಸೆಕೆಂಡು. ಎರಡನೆಯ ಬದಲಿಗೆ ಹೇಗೂ ಕೈ ಚೀಲಕ್ಕೇ ಹೋಗಬೇಕು. ಆದ್ದರಿಂದ ನನ್ನ ತೀರ್ಪು ಆ ಹೆಸರಿಲ್ಲದ ಕಾರ್ಬೈನ್ ಸಿಪಾಯಿಯ ಕಡೆಗಿದೆ. ಬಟ್ಟಿನ ಮೇಲೆ, ಬಾಯಿ ಮುಚ್ಚಿದ ಚೀಲದಲ್ಲಿ, ನಿದ್ದೆಯಿಂದ ಎದ್ದವನ ಮೊದಲ ನಿಮಿಷಕ್ಕೆ ಆಗುವಷ್ಟು. ಅದಕ್ಕಿಂತ ಹೆಚ್ಚಿನದೆಲ್ಲ ಜಾತ್ರೆಗೆ ಹೋಗುವಾಗ ಮನೆಯ ಪಾತ್ರೆಯನ್ನೆಲ್ಲ ಗಾಡಿಗೆ ಕಟ್ಟಿಕೊಂಡಂತೆ.

ಈ ಸೆಕೆಂಡುಗಳಿಗೆ ಇನ್ನೊಂದು ಮುಖವಿದೆ. 2011ರ ಜನವರಿ 8ರಂದು ಅಮೆರಿಕದ ಟೂಸಾನ್ ಪಟ್ಟಣದ ಅಂಗಡಿಯೊಂದರ ಮುಂದೆ ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಜನರೊಡನೆ ಮಾತಾಡುತ್ತಿದ್ದಾಗ ಒಬ್ಬ 33 ಗುಂಡಿನ ಉದ್ದನೆಯ ಮ್ಯಾಗಜಿನ್ ಸಿಕ್ಕಿಸಿದ ಪಿಸ್ತೂಲಿನಿಂದ ಹಾರಿಸುತ್ತ ಬಂದ. ಆರು ಜನ ಸತ್ತರು, ಹದಿಮೂರು ಜನ ಗಾಯಗೊಂಡರು. ಮ್ಯಾಗಜಿನ್ ಮುಗಿದು ಇನ್ನೊಂದನ್ನು ಹಾಕಲು ಅವನು ತಡಕಾಡಿದ ಹೊತ್ತಿನಲ್ಲಿ ಸುತ್ತಲಿನವರು ಅವನನ್ನು ಕೆಡವಿದರು. ಅರವತ್ತು ದಾಟಿದ ಮಹಿಳೆಯೊಬ್ಬರು ಆ ಹೊಸ ಮ್ಯಾಗಜಿನನ್ನೇ ಕಸಿದುಕೊಂಡರು. ಸಿಪಾಯಿಗೆ ಮೃತ್ಯುವಾಗುವ ಆ ತಡಕಾಟ ಅಂಗಡಿಯ ಮುಂದೆ ನಿಂತವರಿಗೆ ಆಯುಷ್ಯವಾಯಿತು. ಕ್ಯಾಲಿಫೋರ್ನಿಯದಲ್ಲಿ ಹತ್ತಕ್ಕಿಂತ ಹೆಚ್ಚು ಗುಂಡಿನ ಮ್ಯಾಗಜಿನ್ ಮಾರುವುದನ್ನು 2000ದಿಂದ ತಡೆದಿರುವುದರ ಹಿಂದಿರುವುದೂ ಇದೇ ತರ್ಕ. ನಗರದ ಬೀದಿಯಲ್ಲಿ ರಿಪ್ಲಿಯ ಭಯಕ್ಕೂ ಬ್ರಿಟಿಷರ ತಗಡಿನ ಕದಕ್ಕೂ ಅರ್ಥವಿದೆ ಎಂದು ಹೇಳಲು ನನಗೆ ಸಂಕೋಚವಿಲ್ಲ. ಕೊಡಗಿನ ಮನೆಗಳಲ್ಲಿ ತಲೆಮಾರುಗಳಿಂದ ಕೋವಿ ಇದೆ, ಕೈಲ್‌ಪೊಳ್ದ್ ದಿನ ಹೂವಿಟ್ಟು ಪೂಜಿಸುತ್ತಾರೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಆ ಕಾಯಿ ಒಡೆಯಲು ಒಂದು ಗುಂಡು ಸಾಕು. ಎರಡನೆಯದು ಬೇಕಾದರೆ ನಗೆಪಾಟಲು.

ಬಂದೂಕಿನ ಮೈಗೆ ಬದಲಿ ಮ್ಯಾಗಜಿನ್ ಕಟ್ಟುವ ಉಪಾಯ ಪೂರ್ತಿ ಫಲಿಸಿದ ಜಾಗ ಒಂದೇ, ಅಲ್ಲಿ ಯಾರೂ ಯಾರನ್ನೂ ಕೊಲ್ಲುವುದಿಲ್ಲ. ಬಯಾಥ್ಲಾನ್: ಹಿಮದ ಮೇಲೆ ಸ್ಕೀ ಕಟ್ಟಿ ಓಡುತ್ತ ನಡುನಡುವೆ ನಿಂತು ಗುರಿ ಹೊಡೆಯುವ ಆಟ. 1960ರಿಂದ ಒಲಿಂಪಿಕ್ಸಿನಲ್ಲಿದೆ. 1970ರ ದಶಕದ ಕೊನೆಯವರೆಗೆ ಸೈನ್ಯದ ದೊಡ್ಡ ರೈಫಲ್ಲುಗಳೇ ಇದ್ದವು. ಆಮೇಲೆ ನಮ್ಮ ಎನ್‌ಸಿಸಿಯದೇ ಪಾಯಿಂಟ್ ಟೂ ಟೂ ಗುಂಡು, ಐವತ್ತು ಮೀಟರ್ ದೂರ. ಬೆನ್ನಿಗೆ ಬಿಗಿದ ರೈಫಲ್ಲು ಕನಿಷ್ಠ ಮೂರೂವರೆ ಕೆಜಿ. ಅದರ ಮರದ ಮೈಯಲ್ಲೇ ಕೊರೆದ ಗೂಡುಗಳಲ್ಲಿ ಐದೈದು ಗುಂಡಿನ ಮ್ಯಾಗಜಿನ್ನುಗಳು ಸಾಲಾಗಿ ಕುಳಿತಿರುತ್ತವೆ, ಹಿಮ ಹೋಗದಂತೆ ಮುಚ್ಚಿಕೊಂಡು. ಎದೆ ಹೊಡೆದುಕೊಳ್ಳುತ್ತ ಬಂದವನು ಮಲಗಿ, ಗೂಡಿನಿಂದ ಒಂದನ್ನು ಕಿತ್ತು ಸಿಕ್ಕಿಸಿ, ಬೆರಳ ತುದಿಯಲ್ಲಿ ಬೋಲ್ಟು ಎಳೆದು ತಳ್ಳಿ ಐದು ಗುಂಡು ಹಾರಿಸಿ ಏಳಲು ಅರ್ಧ ನಿಮಿಷವೂ ಬೇಡ. ಮಲಗಿ ಹೊಡೆಯುವಾಗಿನ ಗುರಿ ಬರೀ 45 ಮಿಲಿಮೀಟರ್. ರಿಲೇ ಪಂದ್ಯದಲ್ಲಿ ಐದೂ ಬೀಳದಿದ್ದರೆ ಇನ್ನೂ ಮೂರು ಗುಂಡು ಉಂಟು, ಆದರೆ ಅವನ್ನು ಮ್ಯಾಗಜಿನ್ನಿನಿಂದ ಹಾರಿಸುವಂತಿಲ್ಲ. ಒಂದೊಂದನ್ನೇ ಕೈಯಿಂದ ತುಂಬಬೇಕು, 1888ರ ಸಿಪಾಯಿಯ ಹಾಗೆ. ಚಳಿಗೆ ಬೆರಳು ಮರಗಟ್ಟಿ ಪುಟ್ಟ ಗುಂಡು ಹಿಮದಲ್ಲಿ ಬಿದ್ದಾಗ ಸ್ಟೇಡಿಯಂ ಪೂರ್ತಿ ‘ಅಯ್ಯೋ’ ಎನ್ನುತ್ತದೆ. ಓಟ ಮುಗಿದ ಗೆರೆಯಾಚೆ ಗೆದ್ದವರೂ ಸೋತವರೂ ಏದುಸಿರು ಬಿಡುತ್ತ ಬಿದ್ದಿರುವಾಗ ಒಬ್ಬ ಅಧಿಕಾರಿ ಒಬ್ಬೊಬ್ಬರ ಬಳಿಯೂ ಬಂದು ಬೋಲ್ಟು ತೆರೆಸಿ ಒಳಗಿಣುಕಿ ನೋಡುತ್ತಾನೆ, ಗುಂಡೇನಾದರೂ ಉಳಿದಿದೆಯೇ ಎಂದು.